‘ಲೈಕ್ಲಿ’ ಅಂದರೆ ನಾಳೆ ಔಷಧಿ ಹೊಡೆಯಬಹುದಾ?

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇಟ್ಟವರಿಗೆಲ್ಲ ಮಳೆಗಾಲದಲ್ಲಿ ಇರುವುದು ಒಂದೇ ಪ್ರಶ್ನೆ: ನಾಳೆ ಹೊಳವಾಗುತ್ತಾ, ಅಂದರೆ ಮಳೆ ಬಿಡುವು ಕೊಡುತ್ತಾ? ಕಾಯಿ ಉದುರಿಸುವ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಹಿಂದಿನ ದಿನವೇ ಹೇಳಬೇಕು. ನಾನು ಇದಕ್ಕೆ ಹವಾಮಾನ ಇಲಾಖೆಯ ಇಂಗ್ಲಿಷ್ ಬುಲೆಟಿನ್ ನೋಡುತ್ತೇನೆ. ಅದರಲ್ಲಿ ‘ಲೈಕ್ಲಿ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ.

ಮಾಮೂಲಿ ಇಂಗ್ಲಿಷ್‌ನಲ್ಲಿ ಲೈಕ್ಲಿ ಅಂದರೆ ಆಗುವುದೇ ಜಾಸ್ತಿ, ಅರ್ಧಕ್ಕಿಂತ ಮೇಲೆ. ಇಲಾಖೆಯ ಲೆಕ್ಕ ಹಾಗಲ್ಲ. ಅವರ ಪಟ್ಟಿಯಲ್ಲಿ ಮಳೆ ಬರುವ ಸಾಧ್ಯತೆ ಶೇ 25ಕ್ಕಿಂತ ಕಡಿಮೆ ಇದ್ದರೆ ‘ಅನ್‌ಲೈಕ್ಲಿ’, 25ರಿಂದ 50 ‘ಲೈಕ್ಲಿ’, 50ರಿಂದ 75 ‘ವೆರಿ ಲೈಕ್ಲಿ’, 75 ದಾಟಿದರೆ ‘ಮೋಸ್ಟ್ ಲೈಕ್ಲಿ’. ಅಂದರೆ ಬರೀ ಲೈಕ್ಲಿ ಎಂದು ಬರೆದ ಹತ್ತು ದಿನದಲ್ಲಿ ಅರ್ಧದಷ್ಟು ದಿನವಾದರೂ ಹೇಳಿದ ಮಳೆ ಬಾರದೇ ಇರಬಹುದು, ಅದು ಅವರ ತಪ್ಪಲ್ಲ, ಅವರು ಹೇಳಿದ್ದೇ ಅಷ್ಟು! ಇದೇ ಪದಕ್ಕೆ ವಿಶ್ವಸಂಸ್ಥೆಯ ಐಪಿಸಿಸಿ ಸಮಿತಿಯ ಹವಾಮಾನ ಬದಲಾವಣೆ ವರದಿಗಳಲ್ಲಿ ಶೇ 66ರಿಂದ 100 ಎಂಬ ಅರ್ಥ ಇದೆ. ಹಾಗಾಗಿ ಡಿಕ್ಷನರಿ ನೋಡಿದರೆ ಸಾಲದು, ಯಾರ ಕಾಗದದಲ್ಲಿದೆ ಅಂತಲೂ ನೋಡಬೇಕು.

ಅದರ ಪಕ್ಕದಲ್ಲೇ ‘ಐಸೊಲೇಟೆಡ್’, ‘ಸ್ಕ್ಯಾಟರ್ಡ್’ ಅಂತ ಇರುತ್ತದೆ. ಇದು ಬೇರೆಯೇ ವಿಷಯ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಎಷ್ಟು ಕಡೆ ಮಳೆ ಬಿದ್ದೀತು ಅನ್ನುವುದು: ಶೇ 25ರವರೆಗೆ ಐಸೊಲೇಟೆಡ್, 26ರಿಂದ 50 ಸ್ಕ್ಯಾಟರ್ಡ್. ಎರಡರಲ್ಲೂ ಅವೇ ಅಂಕಿ ಬರುವುದರಿಂದ ಜನ ಕಲಸಿಕೊಳ್ಳುತ್ತಾರೆ. ಎಷ್ಟು ಜೋರು ಅನ್ನುವುದು ಇನ್ನೂ ಬೇರೆ, ‘ಹೆವಿ’ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆಗುಂಬೆ ಪಕ್ಕದವರಿಗೆ ಅದೇನು ದೊಡ್ಡ ಮಳೆ ಅನ್ನಿಸುವುದಿಲ್ಲ, ಅಲ್ವಾ? ಆದರೆ ಇನ್ನೂ ಒಣಗದ ಬೋರ್ಡೋ ತೊಳೆದು ಹೋಗಲು ಅದರಲ್ಲಿ ಕಾಲು ಭಾಗವೂ ಬೇಡ.

ಇಷ್ಟು ತಿಳಿದ ಮೇಲೆ ನಾನು ಮಾಡುವುದು ಹೀಗೆ. ಪುನರ್ವಸು ಮಳೆ ಹೊತ್ತಿನ ಎರಡನೇ ಔಷಧಿಗೆ ಬುಲೆಟಿನ್‌ನಲ್ಲಿ ಬರೀ ಲೈಕ್ಲಿ ಇದ್ದರೆ ಕೊನೆಗಾರರನ್ನು ಕರೆಸುತ್ತೇನೆ. ಆ ತಿಂಗಳಲ್ಲಿ ಅದಕ್ಕಿಂತ ಒಳ್ಳೆ ದಿನ ಕಾಯುತ್ತಾ ಕೂತರೆ ಕಾಯಿ ಉದುರಲು ಶುರುವಾಗಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹಾಳಾದರೆ ಅಷ್ಟು ಔಷಧಿ, ಒಂದು ದಿನದ ಕೂಲಿ. ಹೊಡೆದದ್ದು ಗೊನೆಯ ಮೇಲೆ ತಿಳಿನೀಲಿ ಪೊರೆಯಾಗಿ ಒಣಗಿ, ಬೆರಳಲ್ಲಿ ಸವರಿದರೂ ಏಳದ ಹಾಗಾದರೆ ಆಮೇಲೆ ಮಳೆ ಬಂದರೂ ಅಷ್ಟು ಭಯವಿಲ್ಲ. ವೆರಿ ಲೈಕ್ಲಿ ಇದ್ದರೆ ಮಾತ್ರ ಮುಂದೂಡುತ್ತೇನೆ.

ಕೊಯ್ಲಿನಲ್ಲಿ ಇದೇ ಪದಕ್ಕೆ ನನ್ನ ತೀರ್ಮಾನ ಉಲ್ಟಾ. ಸ್ವಾತಿ ಮಳೆ ಕಾಲ, ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿದೆ ಅಂದುಕೊಳ್ಳಿ. ಅಲ್ಲಿ ಬರೀ ಲೈಕ್ಲಿ ಅಂದರೂ ಟಾರ್ಪಲ್ ಹತ್ತಿರ ಇಟ್ಟು ಒಬ್ಬರು ಮನೆಯಲ್ಲೇ ಇರುತ್ತಾರೆ. ಒಂದು ಮಳೆಗೆ ನೆನೆದರೆ ಬಣ್ಣ ಹೋಯಿತು, ಮಂಡಿಯಲ್ಲಿ ದರ ಬಿತ್ತು. ಕಾಯುವುದಕ್ಕೇನು ಖರ್ಚಿಲ್ಲವಲ್ಲ.

ಇನ್ನೊಂದು ವಿಷಯ, ಬುಲೆಟಿನ್‌ನ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಮರುದಿನ ಬೆಳಿಗ್ಗೆ 8.30ರವರೆಗೆ ನಡೆಯುತ್ತದೆ. ರಾತ್ರಿ ಬರುವ ಮಳೆಯೂ ಆ ಲೈಕ್ಲಿಯೊಳಗೇ ಸೇರಿರುತ್ತದೆ. ಅದಕ್ಕೇ ಔಷಧಿ ಕಲಸುವ ಮುಂಚೆ ಇಲಾಖೆಯ ನೌಕಾಸ್ಟ್, ಅಂದರೆ ಮುಂದಿನ ಮೂರು ಗಂಟೆಯ ಮುನ್ಸೂಚನೆ, ಒಂದು ಸಲ ನೋಡಿಬಿಡಿ.