ಮೊದಲು ಧುಂ-ಚಕ್, ಆಮೇಲೆ ಹಾಡು: ಕಂಟ್ರಿ ಗಿಟಾರ್ ಕಲಿಯುವುದು ಹೇಗೆ?

ಕಂಟ್ರಿ ಸಂಗೀತ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಗಲ ಅಂಚಿನ ಟೋಪಿ, ಬೂಟು, ಕುದುರೆ. ಟೋಪಿ ಬಿಡಿ, ಸುಮ್ನೆ ಕಣ್ಣು ಮುಚ್ಚಿ ಕೇಳಿ. ಹಾಡಿನ ಅಡಿಯಲ್ಲಿ ಒಂದು ಸದ್ದು ಬಿಡದೆ ಓಡುತ್ತಿರುತ್ತದೆ: ಧುಂ-ಚಕ್, ಧುಂ-ಚಕ್. ದಪ್ಪ ತಂತಿಯೊಂದು ಧುಂ ಅನ್ನುತ್ತದೆ, ತೆಳು ತಂತಿಗಳು ಒಟ್ಟಿಗೆ ಚಕ್ ಅನ್ನುತ್ತವೆ. ಅಮೆರಿಕದಲ್ಲಿ ಇದನ್ನು 'ಬೂಮ್-ಚಕ್' ಅನ್ನುತ್ತಾರೆ.

ಇದು ಪೂರ್ತಿ ಬಲಗೈಯ ಕೆಲಸ. ಗಿಟಾರ್ ಹಿಡಿದ ಹೊಸಬರು ಮಾತ್ರ ಎಡಗೈ ಬೆರಳುಗಳ ಚಿಂತೆಯಲ್ಲೇ ಇರುತ್ತಾರೆ. ನಾನೂ ಹಾಗೇ ಆರು ತಿಂಗಳು ಕಳೆದೆ. ಇಪ್ಪತ್ತು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತಿತ್ತು, ಒಂದು ಹಾಡೂ ಹಾಡಿನ ಹಾಗೆ ಕೇಳುತ್ತಿರಲಿಲ್ಲ. ಆಮೇಲೆ ಮೂರೇ ಕಾರ್ಡ್ ಇಟ್ಟುಕೊಂಡು ಬಲಗೈ ತಿದ್ದಿಕೊಂಡೆ. ನೀವು ಮೊದಲೇ ಹಾಗೆ ಶುರು ಮಾಡಿ.

ಗಿಟಾರ್ ನೋಡಿ ತಗೊಳ್ಳಿ

ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್ ಬೇಕು. ನೈಲಾನ್ ತಂತಿ ಬೆರಳಿಗೆ ಮೆತ್ತಗಿರುತ್ತದೆ ನಿಜ, ಆದರೆ ಚಕ್ ಅನ್ನುವ ಆ ಖಡಕ್ ಸದ್ದು ಅದರಲ್ಲಿ ಬರುವುದಿಲ್ಲ.

ಬ್ರ್ಯಾಂಡ್‌ಗಿಂತ ಮುಖ್ಯ ತಂತಿಯ ಎತ್ತರ. ಇದನ್ನು 'ಆ್ಯಕ್ಷನ್' ಅನ್ನುತ್ತಾರೆ. ನನ್ನ ಮೊದಲ ಗಿಟಾರ್‌ನಲ್ಲಿ ತಂತಿಗಳು ಬಟ್ಟೆ ಒಣಗಿಸುವ ದಾರದ ಹಾಗೆ ಮೇಲಿದ್ದವು. ಒತ್ತಿ ಒತ್ತಿ ಬೆರಳು ಬಾತವು, ತಪ್ಪು ನನ್ನದೇ ಅಂದುಕೊಂಡೆ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಟಿಎಂ ಕಾರ್ಡ್ ಸುಮಾರು 0.76 ಮಿ.ಮೀ. ದಪ್ಪ. ಉಬ್ಬಕ್ಷರ ಇಲ್ಲದ ಮೂರು ಕಾರ್ಡ್ ಒಂದರ ಮೇಲೊಂದು ಜೋಡಿಸಿ (ಇವು ಬ್ಯಾಂಕಿನ ಕಾರ್ಡ್, ನುಡಿಸುವವಲ್ಲ), 12ನೇ ಫ್ರೆಟ್ (ಗಿಟಾರ್ ಕತ್ತಿನ ಲೋಹದ ಅಡ್ಡಪಟ್ಟಿ; ಅದರ ಹಿಂದಿನ ಜಾಗಕ್ಕೂ ಇದೇ ಹೆಸರು) ಮೇಲೆ, ಅತಿ ದಪ್ಪ ತಂತಿಯ ಕೆಳಗೆ ತೂರಿಸಿ. ತಂತಿಗೆ ತಾಗಿಯೂ ತಾಗದ ಹಾಗೆ ಕೂತರೆ ಸರಿ. ನಾಲ್ಕು ಕಾರ್ಡ್ ಸಲೀಸಾಗಿ ಓಡಾಡಿದರೆ ತಂತಿ ಇಳಿಸಿಕೊಡಲು ಹೇಳಿ, ಇಲ್ಲ ಬೇರೆ ಗಿಟಾರ್ ನೋಡಿ.

ಒಂದು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ), ಒಂದು ಕೇಪೊ (ಕತ್ತಿಗೆ ಹಾಕಿ ಎಲ್ಲ ತಂತಿ ಒತ್ತುವ ಕ್ಲಿಪ್), ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ಇದ್ದರೆ ಸಾಮಾನು ಮುಗಿಯಿತು. ದಪ್ಪ ತಂತಿ 6ನೆಯದು, ತೆಳುವಾದದ್ದು 1ನೆಯದು. ದಪ್ಪದಿಂದ ಶುರು ಮಾಡಿ ಇ, ಎ, ಡಿ, ಜಿ, ಬಿ, ಇ ಅಂತ ಶ್ರುತಿ ಮಾಡಿ. ದಿನಾ ಮಾಡಿ.

ಮೂರು ಕಾರ್ಡ್, ಒಂದು ಗುಟ್ಟು

ಜಿ, ಸಿ, ಡಿ. ಸಂಗೀತ ಕಲಿತವರಿಗೆ ಇನ್ನೂ ಸುಲಭವಾಗಿ ಹೇಳಬಹುದು: ಜಿ ಅನ್ನು ಸ ಅಂದುಕೊಂಡರೆ ಸಿ ಅಂದರೆ ಮ, ಡಿ ಅಂದರೆ ಪ. ಕಂಟ್ರಿ ಹಾಡುಗಳಲ್ಲಿ ದೊಡ್ಡ ಪಾಲು ಈ ಮೂರು ಮನೆಗಳಲ್ಲೇ ಓಡಾಡುತ್ತದೆ. ಕಂಟ್ರಿ ಸಂಗೀತದ ತವರಾದ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೋ ವಾದಕರು ಇವನ್ನು ಅಕ್ಷರದಲ್ಲಿ ಬರೆಯದೆ 1, 4, 5 ಅಂತ ಬರೆದುಕೊಳ್ಳುತ್ತಾರೆ. 1950ರ ದಶಕದ ಕೊನೆಯಲ್ಲಿ ನೀಲ್ ಮ್ಯಾಥ್ಯೂಸ್ ಎಂಬ ಗಾಯಕ ಶುರು ಮಾಡಿದ ಪದ್ಧತಿ ಇದು. ಗಾಯಕರು ಶ್ರುತಿ ಏರಿಸಲಿ ಇಳಿಸಲಿ, ಬರೆದದ್ದು ಬದಲಾಗುವುದಿಲ್ಲ. ನಮ್ಮ ಸ, ಮ, ಪ ಇದ್ದ ಹಾಗೇ, ಅಲ್ವಾ?

ಇನ್ನು ಬೆರಳು. ಜಿ ಕಾರ್ಡ್‌ಗೆ ತುಂಬ ಕಡೆ ನಡುಬೆರಳು, ತೋರುಬೆರಳು, ಉಂಗುರ ಬೆರಳು ಹೇಳಿಕೊಡುತ್ತಾರೆ. ಕಂಟ್ರಿಗೆ ಅದು ಬೇಡ. ಉಂಗುರ ಬೆರಳು 6ನೇ ತಂತಿಯ 3ನೇ ಫ್ರೆಟ್ ಮೇಲೆ, ನಡುಬೆರಳು 5ನೇ ತಂತಿಯ 2ನೇ ಫ್ರೆಟ್ ಮೇಲೆ, ಕಿರುಬೆರಳು 1ನೇ ತಂತಿಯ 3ನೇ ಫ್ರೆಟ್ ಮೇಲೆ ಇರಲಿ. ಕಿರುಬೆರಳು ಮೊದಲ ವಾರ ಮೊಂಡಾಟ ಮಾಡುತ್ತದೆ, ಮಾಡಲಿ.

ಈಗ ಸಿ. ಉಂಗುರ ಬೆರಳು 6ರಿಂದ 5ನೇ ತಂತಿಗೆ, ನಡುಬೆರಳು 5ರಿಂದ 4ನೇ ತಂತಿಗೆ. ಫ್ರೆಟ್ ಅದೇ. ಎರಡೂ ಬೆರಳು ಜೊತೆಯಾಗಿ ಒಂದೊಂದು ತಂತಿ ಜರುಗಿದರೆ ಆಯಿತು. ಕಿರುಬೆರಳು ಎತ್ತಿ, ತೋರುಬೆರಳನ್ನು 2ನೇ ತಂತಿಯ 1ನೇ ಫ್ರೆಟ್ ಮೇಲಿಡಿ. ಗುಟ್ಟು ಇಷ್ಟೇ. ಇದು ಗೊತ್ತಿಲ್ಲದೆ ನಾನು ಪ್ರತಿ ಸಲ ಮೂರೂ ಬೆರಳು ಗಾಳಿಗೆ ಎತ್ತಿ ಜಾಗ ಹುಡುಕುತ್ತಿದ್ದೆ. ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು.

ಡಿ ಕಾರ್ಡ್: ತೋರುಬೆರಳು 3ನೇ ತಂತಿ 2ನೇ ಫ್ರೆಟ್, ಉಂಗುರ ಬೆರಳು 2ನೇ ತಂತಿ 3ನೇ ಫ್ರೆಟ್, ನಡುಬೆರಳು 1ನೇ ತಂತಿ 2ನೇ ಫ್ರೆಟ್.

ಈಗ ಬಲಗೈ

ಜಿ ಹಿಡಿಯಿರಿ. ಒಂದು, ಎರಡು, ಮೂರು, ನಾಲ್ಕು ಅಂತ ಬಾಯಲ್ಲಿ ಎಣಿಸಿ.

ಒಂದಕ್ಕೆ 6ನೇ ತಂತಿ ಮಾತ್ರ. ಎರಡಕ್ಕೆ 3, 2, 1ನೇ ತಂತಿಗಳನ್ನು ಒಟ್ಟಿಗೆ ಸವರಿ. ಮೂರಕ್ಕೆ 4ನೇ ತಂತಿ ಮಾತ್ರ. ನಾಲ್ಕಕ್ಕೆ ಮತ್ತೆ ಸವರುವುದು.

ಒಂದಕ್ಕೂ ಮೂರಕ್ಕೂ ಬರುವ ಆ ಎರಡು ದಪ್ಪ ಸ್ವರಗಳು ಸ ಮತ್ತು ಪ. ತಂಬೂರಿಯಲ್ಲಿ ಕೇಳುವ ಜೋಡಿಯೇ, ಇಲ್ಲಿ ಸರದಿಯ ಮೇಲೆ ಬರುತ್ತದೆ. ಇಲ್ಲಿ ಆಯಾ ಕಾರ್ಡ್‌ನ ಮೂಲ ಸ್ವರವನ್ನೇ ಸ ಅಂದುಕೊಳ್ಳಿ. ಡಿ ಕಾರ್ಡ್‌ಗೆ ಮೊದಲು 4ನೇ ತಂತಿ, ಆಮೇಲೆ 5ನೇ ತಂತಿ. ಎರಡೂ ಖಾಲಿ, ಅಂದರೆ ಬೆರಳು ಒತ್ತದ ತಂತಿಗಳೇ. ಸಿ ಕಾರ್ಡ್‌ಗೆ 5ನೇ ತಂತಿ, ಆಮೇಲೆ 4ನೇ ತಂತಿ. ಅದು ಪ ಅಲ್ಲ, ಗ ಆಗುತ್ತದೆ. ಪರವಾಗಿಲ್ಲ. ಕೈ ಪಳಗಿದ ಮೇಲೆ ಉಂಗುರ ಬೆರಳನ್ನು 6ನೇ ತಂತಿಯ 3ನೇ ಫ್ರೆಟ್‌ಗೆ ಎಗರಿಸಿದರೆ ಅಲ್ಲಿ ಪ ಸಿಗುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ: ಚಕ್‌ಗೆ ಆರೂ ತಂತಿ ಬಾರಿಸುತ್ತಾರೆ. ಆಗ ಧುಂ ಯಾವುದು, ಚಕ್ ಯಾವುದು ಗೊತ್ತಾಗದೆ ಎಲ್ಲ ಕಲಸಿ ಹೋಗುತ್ತದೆ. ಮೊಣಕೈ ಆಡಿಸಬೇಡಿ. ಕೈ ತೊಳೆದ ಮೇಲೆ ನೀರು ಕೊಡವುತ್ತೀವಲ್ಲ, ಆ ಮಣಿಕಟ್ಟಿನ ಆಟ ಸಾಕು. ಚಕ್ ಚಿಕ್ಕದಾಗಿ, ಚುರುಕಾಗಿ ಬರಲಿ.

ಮೆಟ್ರೋನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು, ಒಂದೇ ಕಾರ್ಡ್ ಮೇಲೆ ಐದು ನಿಮಿಷ ನುಡಿಸಿ. ಬೇಜಾರಾಗುತ್ತದೆ, ಗೊತ್ತು. ನಾನು ನುಡಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ "ಏನೋ ಅದು, ಜಟಕಾ ಗಾಡಿ ಹೋದ ಹಾಗಿದೆ" ಅಂದಿದ್ದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ, ಆದರೆ ತಾಳ ಕೂತಿದೆ ಅಂತ ಗೊತ್ತಾಯಿತು.

ತಾಳ ಜಾರುತ್ತಲೇ ಇದ್ದರೆ ಕಂಟ್ರಿ ಗಾಯಕ ಜಾನಿ ಕ್ಯಾಶ್ ಮಾಡಿದ್ದನ್ನು ಮಾಡಿ. 1950ರ ದಶಕದ ಮಧ್ಯದಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್‌ಗೆ ಹಾಡುವಾಗ ಅವರ ತಂಡದಲ್ಲಿ ಡ್ರಮ್ಸ್ ಇರಲಿಲ್ಲ. ಗಿಟಾರ್ ತಂತಿಗಳ ನಡುವೆ ಮಡಚಿದ ಕಾಗದ ಸಿಕ್ಕಿಸಿ, ಅದರ ಚರಚರ ಸದ್ದನ್ನೇ ಡ್ರಮ್ ಮಾಡಿಕೊಂಡರು. ನೀವು ಹತ್ತು ರೂಪಾಯಿ ನೋಟನ್ನು ಉದ್ದಕ್ಕೆ ಮಡಚಿ, ಒಂದು ತಂತಿಯ ಮೇಲೆ ಇನ್ನೊಂದರ ಕೆಳಗೆ ಅಂತ ಹೆಣೆದು ನೋಡಿ. ಸ್ವರ ಮೊಂಡಾಗುತ್ತದೆ, ತಾಳ ಮಾತ್ರ ಉಳಿಯುತ್ತದೆ. ತಪ್ಪಿದ ಕಡೆ ಕಿವಿಗೆ ನೇರ ಹೊಡೆಯುತ್ತದೆ.

ಸುತ್ತು ಹೊಡೆಯಿರಿ

ಒಂದೊಂದು ಕಾರ್ಡ್‌ಗೆ ನಾಲ್ಕು ಎಣಿಕೆ. ಈ ನಾಲ್ಕು ಸಾಲು ನಿಲ್ಲದೆ ನುಡಿಸಿ:

ಜಿ ಜಿ ಸಿ ಜಿ
ಜಿ ಜಿ ಡಿ ಡಿ
ಜಿ ಜಿ ಸಿ ಜಿ
ಜಿ ಡಿ ಜಿ ಜಿ

ಬೆರಳು ತಪ್ಪಿದರೂ ಬಲಗೈ ನಿಲ್ಲಬಾರದು. ಬಲಗೈ ನಿಂತರೆ ಗಾಡಿಯೇ ನಿಂತ ಹಾಗೆ. ನಿಮ್ಮ ದನಿಗೆ ಈ ಶ್ರುತಿ ಕೆಳಗಾದರೆ ಕೇಪೊ ಹಾಕಿ. ಒಂದು ಫ್ರೆಟ್‌ಗೆ ಅರ್ಧ ಸ್ವರ ಏರುತ್ತದೆ, ಬೆರಳಿನ ಲೆಕ್ಕ ಅದೇ ಇರುತ್ತದೆ. ಬೆರಳ ತುದಿ ಎರಡು-ಮೂರು ವಾರ ಉರಿಯಬಹುದು. ದಿನಕ್ಕೆ ಹದಿನೈದು ನಿಮಿಷ ಸಾಕು, ಭಾನುವಾರ ಮೂರು ಗಂಟೆ ಕೂತು ಪ್ರಯೋಜನವಿಲ್ಲ.

ಕಾರ್ಡ್‌ನಿಂದ ಕಾರ್ಡ್‌ಗೆ ಸೇತುವೆ

ನನಗೆ ಇದರಲ್ಲಿ ತುಂಬ ಇಷ್ಟವಾದ ಭಾಗ ಇದು. ಜಿಯಿಂದ ಸಿಗೆ ಹೋಗುವ ಮುಂಚಿನ ನಾಲ್ಕು ಎಣಿಕೆ ಹೀಗೆ ಮಾಡಿ. ಒಂದಕ್ಕೆ 6ನೇ ತಂತಿ, ಎರಡಕ್ಕೆ ಚಕ್, ಮೂರಕ್ಕೆ 5ನೇ ತಂತಿ ಖಾಲಿ, ನಾಲ್ಕಕ್ಕೆ ಅದೇ ತಂತಿಯ 2ನೇ ಫ್ರೆಟ್. ಮುಂದಿನ ಒಂದಕ್ಕೆ 5ನೇ ತಂತಿಯ 3ನೇ ಫ್ರೆಟ್, ಅಂದರೆ ಸಿ. ಬಾಯಲ್ಲಿ ಹಾಡಿ ನೋಡಿ: ಸ ರಿ ಗ ಮ! ಸರಳೆ ವರಸೆ ಕಲಿತವರು ಗಮನಿಸಿ, ಇದು ಮಾಯಾಮಾಳವಗೌಳ ಅಲ್ಲ, ಶಂಕರಾಭರಣದ ಸ್ವರಗಳು. ವಾಪಸ್ ಬರುವಾಗ ಮ ಗ ರಿ ಸ. ಇಂಥ ಓಟವನ್ನು 'ಬಾಸ್ ರನ್' ಅನ್ನುತ್ತಾರೆ.

ಇನ್ನೊಂದು ಸಣ್ಣ ಒಗ್ಗರಣೆ ಇದೆ. ಸಿ ಹಿಡಿದಾಗ ನಡುಬೆರಳು ಎತ್ತಿ, 4ನೇ ತಂತಿಯನ್ನು ಖಾಲಿ ಮೀಟಿ, ಸದ್ದು ಇರುವಾಗಲೇ ಬೆರಳನ್ನು 2ನೇ ಫ್ರೆಟ್ ಮೇಲೆ ಟಪ್ ಅಂತ ಹಾಕಿ. ಮತ್ತೆ ಮೀಟಬೇಡಿ. ಇದು 'ಹ್ಯಾಮರ್-ಆನ್'. ಇದೊಂದು ಬಂದರೆ ಪಕ್ಕದ ಮನೆಯವರಿಗೂ ಕಂಟ್ರಿ ಅಂತ ಗೊತ್ತಾಗುತ್ತದೆ.

ಮೇಬೆಲ್‌ಳ ಹೆಬ್ಬೆರಳು

1927ರ ಜುಲೈ-ಆಗಸ್ಟ್‌ನಲ್ಲಿ ರಾಲ್ಫ್ ಪಿಯರ್ ಎಂಬಾತ ವಿಕ್ಟರ್ ಎಂಬ ರೆಕಾರ್ಡ್ ಕಂಪನಿಯ ಪರವಾಗಿ, ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ಬಂದು ಸುತ್ತಲಿನ ಹಾಡುಗಾರರನ್ನು ಧ್ವನಿಮುದ್ರಿಸಿದ. ಅಲ್ಲಿಗೆ ಬಂದ ಕಾರ್ಟರ್ ಕುಟುಂಬದಲ್ಲಿ ಮೇಬೆಲ್ ಕಾರ್ಟರ್ ಇದ್ದಳು. ವಯಸ್ಸು 18, ತುಂಬು ಬಸುರಿ. ಅವಳ ಗಿಟಾರ್‌ನಲ್ಲಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ರಾಗ ನುಡಿಸುತ್ತಿತ್ತು, ತೋರುಬೆರಳು ತೆಳು ತಂತಿಗಳನ್ನು ಸವರಿ ತಾಳ ಕೊಡುತ್ತಿತ್ತು. ಒಬ್ಬಳೇ ಕೂತು ಇಬ್ಬರ ಕೆಲಸ ಮಾಡುತ್ತಿದ್ದಳು. ಇದಕ್ಕೆ 'ಕಾರ್ಟರ್ ಸ್ಕ್ರ್ಯಾಚ್' ಎಂಬ ಹೆಸರೇ ಬಿತ್ತು.

ಧುಂ-ಚಕ್ ಮತ್ತು ಆ ಸ ರಿ ಗ ಮ ಓಟ ಬಂದವರು ಇದಕ್ಕೆ ಕೈ ಹಾಕಬಹುದು. ನಿಮಗೆ ಬಾಯಿಪಾಠ ಇರುವ, ಐದಾರು ಸ್ವರದ ಮಟ್ಟು ಒಂದನ್ನು ಆರಿಸಿ. ಲಾಲಿ ಹಾಡಾದರೂ ಸರಿ. ಪಿಕ್ ಪಕ್ಕಕ್ಕಿಡಿ. 5, 4, 3ನೇ ತಂತಿಗಳಲ್ಲಿ ಸ್ವರ ಹುಡುಕಿ, ಹೆಬ್ಬೆರಳಲ್ಲಿ ಮೀಟಿ. ಒಂದೊಂದು ಸ್ವರ ಆದ ಮೇಲೂ ತೋರುಬೆರಳ ಉಗುರಿನಿಂದ ತೆಳು ತಂತಿಗಳನ್ನು ಕೆಳಮುಖವಾಗಿ ಸವರಿ. ಶುರುವಿನಲ್ಲಿ ಹೆಬ್ಬೆರಳು ತಪ್ಪು ತಂತಿಗೆ ಬೀಳುತ್ತದೆ. ಆಗ ಮೆಟ್ರೋನೋಮ್ ಅನ್ನು 50ಕ್ಕೆ ಇಳಿಸಿ.