ಮಳೆಗಾಲಕ್ಕೆ ಡೀಸೆಲ್ ಬಾಯ್ಲರ್: ಗಾಳಿಬೀಡಿನ ನಮ್ಮ ಮನೆಯ ಅನುಭವ

ಕೊಡಗಿನಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ಅಂದರೆ ಚಳಿಗೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಚಳಿ ಅಷ್ಟು ದೊಡ್ಡ ವಿಷಯವಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳನ್ನು ಎರಡು ಕಂಬಳಿ ಹೊದ್ದು ಕಳೆಯಬಹುದು. ಬಾಯ್ಲರ್ ನಿಜವಾಗಿ ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಾಸಿಗೆ ಹಸಿ, ಗೋಡೆ ಹಸಿ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ನಮ್ಮ ಜಗಳ ಏನಿದ್ದರೂ ತೇವದ ಜೊತೆ. ಮನೆಯನ್ನು ಹಾಳು ಮಾಡುವ ಅದೇ ತೇವ ಬಾಯ್ಲರನ್ನೂ ಹಾಳು ಮಾಡುತ್ತದೆ. ನಾನು ಬಾಯ್ಲರ್ ಕೂರಿಸಿದ್ದೂ, ಈಗ ನೋಡಿಕೊಳ್ಳುತ್ತಿರುವುದೂ ಇದನ್ನು ಲೆಕ್ಕಕ್ಕೆ ಇಟ್ಟುಕೊಂಡೇ.

ನಮ್ಮದು ಮಡಿಕೇರಿ ಹತ್ತಿರದ ಗಾಳಿಬೀಡು ಕಡೆಯ ತೋಟದ ಮನೆ. ನಾಲ್ಕು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ಹಂಡೆ ಒಲೆ ಈಗಲೂ ಇದೆ, ಆದರೆ ಮಳೆಗಾಲದಲ್ಲಿ ಸೌದೆ ಒದ್ದೆ. ಸೋಲಾರ್ ಆಗ ಸುಮ್ನೆ ಕೂತಿರುತ್ತದೆ. ಗೀಸರ್ ಇಡೋಣ ಅಂದರೆ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಹಿಂದೆ ಹೋಟೆಲ್ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದರಿಂದ ಡೀಸೆಲ್ ಬರ್ನರ್, ಅಂದರೆ ಬಾಯ್ಲರ್‌ನಲ್ಲಿ ಡೀಸೆಲ್ ಸಿಂಪಡಿಸಿ ಉರಿಸುವ ಭಾಗ, ನನಗೆ ಹೊಸದಲ್ಲ. ಹಾಗಾಗಿ ಅದನ್ನೇ ಆರಿಸಿದೆ.

ಮೊದಲ ಪ್ರಶ್ನೆ ಅಳತೆ. ಮಾರುವವರು 50 ಕಿಲೋವ್ಯಾಟ್‌ನದು ತಗೊಳ್ಳಿ, ಚೆನ್ನಾಗಿರುತ್ತದೆ ಅಂದರು. ನಾನು ಒಪ್ಪಲಿಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನದೇ ಯೂನಿಟ್, ಕಿಲೋವ್ಯಾಟ್-ಗಂಟೆ) ಶಾಖ ಇರುತ್ತದೆ. ನಮ್ಮ ಸ್ನಾನದ ನೀರಿನ ಸಿಲಿಂಡರ್ 300 ಲೀಟರಿನದು. 18 ಡಿಗ್ರಿಯ ನೀರನ್ನು 55ಕ್ಕೆ ಏರಿಸಲು ಹೆಚ್ಚೂಕಡಿಮೆ 13 ಯೂನಿಟ್ ಸಾಕು. 20 ಕಿಲೋವ್ಯಾಟ್ ಬಾಯ್ಲರ್ ಅದನ್ನು 40 ನಿಮಿಷದಲ್ಲಿ ಮಾಡುತ್ತದೆ. ಹೊರಗೆ 17–18 ಡಿಗ್ರಿ ಇರುವಾಗ ಕೋಣೆಗಳನ್ನು 23–24ಕ್ಕೆ ತರಲು ರೇಡಿಯೇಟರ್‌ಗಳಿಗೆ (ಒಳಗೆ ಬಿಸಿನೀರು ಹರಿದು ಕೋಣೆ ಬಿಸಿ ಮಾಡುವ ಫಲಕಗಳಿಗೆ) ಬೇಕಾಗುವುದು ಇನ್ನೂ ಕಡಿಮೆ. ಬಾಯ್ಲರ್ ಅಗತ್ಯಕ್ಕಿಂತ ದೊಡ್ಡದಾದರೆ ಎರಡು ನಿಮಿಷ ಉರಿದು ಆರುತ್ತದೆ, ಮತ್ತೆ ಹೊತ್ತುತ್ತದೆ. ಪ್ರತಿ ಸಲ ಹೊತ್ತುವಾಗಲೂ ಸ್ವಲ್ಪ ಮಸಿ ಒಳಗೆ ಕೂರುತ್ತದೆ. ಡೀಸೆಲ್ ದಂಡ, ಬಾಯ್ಲರ್ ಆಯುಸ್ಸೂ ದಂಡ.

ಟ್ಯಾಂಕ್ ವಿಷಯಕ್ಕೆ ಬಂದರೆ, ಡೀಸೆಲ್ ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರ್‌ಗಿಂತ ದೊಡ್ಡದಲ್ಲದಿದ್ದರೆ 1934ರ ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಡ. ನಾನು 500 ಲೀಟರಿನ ಸ್ಟೀಲ್ ಟ್ಯಾಂಕ್ ಇಟ್ಟೆ. ಒಳಗೆ ಜಿಂಕ್ ಲೇಪ ಇರುವುದು ಬೇಡ, ಅದು ಡೀಸೆಲ್ ಜೊತೆ ಸೇರಿ ಸೋಪಿನಂಥ ಅಂಟು ಮಾಡುತ್ತದೆ. ಟ್ಯಾಂಕನ್ನು ಒಂದು ಬದಿಗೆ ಸ್ವಲ್ಪ ಇಳಿಜಾರಾಗಿ ಕೂರಿಸಿ, ತಗ್ಗಿನ ತುದಿಯಲ್ಲಿ ಡ್ರೈನ್ ಕಾಕ್ ಹಾಕಿದೆ. ಬರ್ನರ್‌ಗೆ ಹೋಗುವ ಪೈಪನ್ನು ಎದುರು ಬದಿಯಿಂದ, ತಳಕ್ಕಿಂತ ನಾಲ್ಕು ಬೆರಳು ಮೇಲಿಂದ ತೆಗೆದೆ. ನಮ್ಮ ಹವೆಯಲ್ಲಿ ಅರ್ಧ ಖಾಲಿ ಟ್ಯಾಂಕ್ ರಾತ್ರಿ ತಣ್ಣಗಾದಾಗ ಒಳಗೋಡೆಯ ಮೇಲೆ ನೀರು ಬೆವರುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಎರಡೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗುತ್ತದೆ. ಫಿಲ್ಟರ್ ಕಟ್ಟುವುದು ಆ ಲೋಳೆಯಿಂದಲೇ. ಅದಕ್ಕೇ ಮೇ ತಿಂಗಳು ಮುಗಿಯುವ ಮೊದಲೇ ಟ್ಯಾಂಕ್ ಭರ್ತಿ ಮಾಡಿಸುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡ್ರೈನ್‌ನಿಂದ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಒಂದು ಗಂಟೆ ಬಿಡುತ್ತೇನೆ. ಕೆಳಗೆ ಗೆರೆ ಕಂಡರೆ ನೀರು ಇದೆ ಅಂತ. ಗೆರೆ ಹೋಗುವ ತನಕ ಹರಿಸಿ, ಅದನ್ನು ಡಬ್ಬಿಯಲ್ಲಿ ತುಂಬಿಸಿಡುತ್ತೇನೆ, ತೋಟಕ್ಕೆ ಬಿಡುವುದಿಲ್ಲ. ಟ್ಯಾಂಕಿನ ಗಾಳಿ ಕೊಳವೆಯನ್ನು ಕೆಳಮುಖವಾಗಿ ಬಗ್ಗಿಸಿ ಸಣ್ಣ ಜಾಲರಿ ಹಾಕಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ತೂತು ಅಂದರೆ ಬಹಳ ಇಷ್ಟ. ಅದು ಮುಚ್ಚಿದರೆ ಟ್ಯಾಂಕಿಗೆ ಉಸಿರಿಲ್ಲ. ಪಂಪ್ ಕೊಂಯ್ ಅಂತ ಅಳಲು ಶುರು ಮಾಡುತ್ತದೆ, ಬರ್ನರ್ ಆರುತ್ತದೆ.

ಡೀಸೆಲ್ ಪೈಪ್ ಗೋಡೆಯೊಳಗೆ ಬರುವ ಮೊದಲೇ ಫೈರ್ ವಾಲ್ವ್ ಹಾಕಿ, ಅದರ ಸೆನ್ಸರನ್ನು ಬರ್ನರ್ ಮೇಲೆ ಕೂರಿಸಿದ್ದೇನೆ. ಬಾಯ್ಲರ್ ಬಳಿ ಬಿಸಿ ಮಿತಿ ಮೀರಿದರೆ ಅದು ಡೀಸೆಲ್ ನಿಲ್ಲಿಸುತ್ತದೆ. ನೀರಿನ ಕಡೆಗೆ 3 ಬಾರ್ ಸೇಫ್ಟಿ ವಾಲ್ವ್, ಬಿಸಿಯಾಗಿ ಹಿಗ್ಗುವ ನೀರಿಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ತುಕ್ಕಿನ ಪುಡಿ ಹಿಡಿಯಲು ಒಂದು ಮ್ಯಾಗ್ನೆಟ್ ಫಿಲ್ಟರ್. ಮಳೆಯಲ್ಲಿ ನಮ್ಮ ಹಳ್ಳದ ನೀರು ಕೆಂಪಗಾಗುತ್ತದೆ. ಹಾಗಾಗಿ ರೇಡಿಯೇಟರ್ ಲೈನ್ ತುಂಬಿಸುವುದನ್ನು ಬೇಸಿಗೆಯಲ್ಲೇ ಮುಗಿಸಿದೆ.

ಬರ್ನರ್ ಹೊಂದಿಸುವುದೇ ಇಡೀ ಕೆಲಸದ ಜೀವ. ಡೀಸೆಲ್ ಸಿಂಪಡಿಸುವ ಸಣ್ಣ ಮೂತಿಯಾದ ನಾಝಲ್ ಮೇಲೆ 0.50 ಅಂತ ಬರೆದಿರುತ್ತದೆ. ಅದು ಅಮೆರಿಕದ ಗ್ಯಾಲನ್ ಲೆಕ್ಕ, ಸುಮಾರು 7 ಬಾರ್ ಒತ್ತಡದಲ್ಲಿ ಗಂಟೆಗೆ 1.9 ಲೀಟರ್. ಒತ್ತಡವನ್ನು 10 ಬಾರ್‌ಗೆ ಏರಿಸಿದರೆ ಅದೇ ನಾಝಲ್ 2.25 ಲೀಟರಿನಷ್ಟು ಬಿಡುತ್ತದೆ. ಗೇಜ್ ಹಾಕಿ ನೋಡದೆ ಪಂಪಿನ ಸ್ಕ್ರೂ ತಿರುಗಿಸಬಾರದು ಅನ್ನುವುದು ಇದಕ್ಕೇ. ಇನ್ನು ಗಾಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡ 12–13ರಷ್ಟು ಕಡಿಮೆ. ಡೀಸೆಲ್ ಅಷ್ಟೇ ಬರುತ್ತದೆ, ಗಾಳಿ ಮಾತ್ರ ತೆಳು. ಬರ್ನರ್‌ಗೆ ಗಾಳಿ ಬಿಡುವ ಮುಚ್ಚಳವಾದ ಡ್ಯಾಂಪರನ್ನು ಪುಸ್ತಕದಲ್ಲಿ ಹೇಳಿದ ಅಳತೆಗೇ ಬಿಟ್ಟರೆ ಹೊಗೆ ಬರುವುದು ಸಹಜ, ಅಲ್ವಾ? ಡ್ಯಾಂಪರ್ ಇನ್ನಷ್ಟು ತೆರೆಯಬೇಕು. ಎಷ್ಟು ಅನ್ನುವುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಚಿಮಣಿಗೆ ಹೊಗೆಯ ಅನಿಲ ಅಳೆಯುವ ಅನಲೈಸರ್ ಇಟ್ಟು ಇಂಗಾಲದ ಡೈಆಕ್ಸೈಡ್ ಶೇಕಡ 12ರ ಆಸುಪಾಸಿಗೆ ತರುತ್ತೇನೆ. ಹೊಗೆಯನ್ನು ಎಳೆದು ಮಸಿ ಪರೀಕ್ಷಿಸುವ ಸ್ಮೋಕ್ ಪಂಪಿನ ಬಿಳಿ ಕಾಗದದ ಮೇಲೆ ಕಲೆ ಬೀಳಬಾರದು. ಬಿದ್ದರೂ ಕಂಡೂ ಕಾಣದಷ್ಟು. ನೀಲಿ ಜ್ವಾಲೆ ಹುಡುಕಬೇಡಿ. ಸಾಮಾನ್ಯ ಡೀಸೆಲ್ ಬರ್ನರ್‌ನ ಒಳ್ಳೆಯ ಜ್ವಾಲೆ ತಿಳಿ ಹಳದಿ, ತುದಿಯಲ್ಲಿ ಮಸಿ ಇರುವುದಿಲ್ಲ.

ಇನ್ನೊಂದು ಮಾತು. ಹೊಗೆಯಲ್ಲಿರುವ ನೀರಾವಿ 47 ಡಿಗ್ರಿಯ ಹತ್ತಿರ ತಣ್ಣಗಾದರೆ ಹನಿಯಾಗುತ್ತದೆ. ರೇಡಿಯೇಟರ್‌ನಿಂದ ತಣ್ಣನೆ ನೀರು ನೇರ ವಾಪಸ್ ಬಂದರೆ ಬಾಯ್ಲರ್ ಒಳಗೇ ಹನಿ ಕಟ್ಟಿ, ಮಸಿ ಜೊತೆ ಸೇರಿ ಕಪ್ಪು ಕೆಸರಾಗಿ ಕಬ್ಬಿಣ ತಿನ್ನುತ್ತದೆ. ಅದಕ್ಕೆ ವಾಪಸ್ ಬರುವ ನೀರು 55 ಡಿಗ್ರಿಗಿಂತ ಕೆಳಗಿಳಿಯದಂತೆ ಅದಕ್ಕೆ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿದ್ದೇನೆ. ಖರ್ಚು ಜಾಸ್ತಿ ಅಂತ ಇದನ್ನು ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ.

ಸರ್ವೀಸ್ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಕರೆಂಟ್ ಮತ್ತು ಡೀಸೆಲ್ ಬಂದ್ ಮಾಡಿ, ಬಾಯ್ಲರ್ ತಣ್ಣಗಾದ ಮೇಲೆ ಬರ್ನರ್ ಬಿಚ್ಚುತ್ತೇನೆ. ಬಿಸಿ ಹೊಗೆಯನ್ನು ಒಳಗೆ ತಡೆದು ಸುತ್ತಿಸುವ ಬ್ಯಾಫಲ್ ತಟ್ಟೆಗಳನ್ನು ಹೊರಗೆಳೆದು ಬ್ರಷ್ ಹೊಡೆಯುವುದು. ಮಸಿ ಒಣಗಿ ಬೂದು ಬಣ್ಣದ್ದಾಗಿದ್ದರೆ ಸಮಾಧಾನ, ಜಿಗುಟಾಗಿದ್ದರೆ ಗಾಳಿ ಅಥವಾ ನೀರಿನ ಬಿಸಿ ಸರಿಯಿಲ್ಲ. ನಾಝಲ್ ಮಾತ್ರ ತೊಳೆದು ಹಾಕುವ ವಸ್ತುವಲ್ಲ, ಹೊಸದೇ ಹಾಕಬೇಕು. ಅದರ ಬಾಯಿಯ ತೂತು ಕೂದಲೆಳೆಯಷ್ಟು. ತಂತಿ ಹಾಕಿ ಕೆದಕಿದರೆ ಡೀಸೆಲ್ ಛತ್ರಿಯಂತೆ ಹರಡುವ ಬದಲು ಒಂದು ಕಡೆ ವಾಲಿ ಚಿಮ್ಮುತ್ತದೆ. ಹೊಸ ನಾಝಲ್ ಹಾಕುವಾಗ ಬಾಯಿಗೆ ಬೆರಳು ತಾಗಿಸುವುದಿಲ್ಲ. ಒಂದು ಸ್ಪಾನರ್‌ನಿಂದ ಹೋಲ್ಡರ್ ಗಟ್ಟಿ ಹಿಡಿದು ಇನ್ನೊಂದರಿಂದ ಬಿಗಿಯುತ್ತೇನೆ. ಕಿಡಿ ಹಾರಿಸುವ ಎಲೆಕ್ಟ್ರೋಡ್ ತುದಿಗಳ ನಡುವೆ 3–4 ಮಿಲಿಮೀಟರ್, ಉಳಿದಂತೆ ಬರ್ನರ್ ಪುಸ್ತಕ ಹೇಳಿದ ಹಾಗೆ. ಜ್ವಾಲೆ ನೋಡುವ ಫೋಟೋಸೆಲ್ ಅನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಕೊನೆಗೆ ಮತ್ತೆ ಅನಲೈಸರ್, ಮತ್ತೆ ಬಿಳಿ ಕಾಗದ.

ಬರ್ನರ್ ಹೊತ್ತದೆ ತಾನೇ ನಿಂತು (ಲಾಕ್‌ಔಟ್) ಕೆಂಪು ದೀಪ ಬಂದರೆ ಮನೆಯವರಿಗೆ ನಾನು ಹೇಳಿಟ್ಟಿರುವುದು ಇಷ್ಟೇ: ರೀಸೆಟ್ ಗುಂಡಿ ಒಮ್ಮೆ ಒತ್ತಿ, ಹೊತ್ತದಿದ್ದರೆ ಕಾದು ಇನ್ನೊಮ್ಮೆ ಒತ್ತಿ, ಆಮೇಲೆ ಕೈ ಇಡಬೇಡಿ. ಪ್ರತಿ ಸಲ ಒತ್ತಿದಾಗಲೂ ಉರಿಯದ ಡೀಸೆಲ್ ಒಳಗೆ ಬೀಳುತ್ತದೆ. ಅದೆಲ್ಲ ಒಟ್ಟಿಗೆ ಹೊತ್ತಿಕೊಂಡರೆ ಬಾಯ್ಲರ್ ಬಾಗಿಲೇ ಹಾರಬಹುದು.

ಇದಕ್ಕಿಂತ ಭಯದ ವಿಷಯ ಗಾಳಿ ಕಿಂಡಿ. ಒಂದು ಹೋಂಸ್ಟೇಗೆ ಬಾಯ್ಲರ್ ನೋಡಲು ಹೋದಾಗ ಬಾಯ್ಲರ್ ಕೋಣೆಯ ಕಿಂಡಿಗೆ ಟಾರ್ಪಾಲ್ ಹೊಡೆದಿದ್ದರು, ಮಳೆ ಎರಚಲು ಒಳಗೆ ಬರುತ್ತದೆ ಅಂತ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಆ ಟಾರ್ಪಾಲನ್ನು ಅಲ್ಲೇ ನಿಂತು ತೆಗೆಸಿದೆ. ಎರಚಲಿಗೆ ಇಳಿಜಾರು ಪಟ್ಟಿಯ ಲೂವರ್ ಹಾಕಿ, ಮೇಲೊಂದು ತಗಡಿನ ಮರೆ ಕೊಡಿ. ಪಕ್ಕದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಕರೆಂಟ್ ಹೋದರೆ ಡೀಸೆಲ್ ಬಾಯ್ಲರ್ ಕೂಡ ನಿಲ್ಲುತ್ತದೆ. ಬರ್ನರ್ ಮೋಟಾರ್, ನೀರಿನ ಪಂಪ್ ಸೇರಿ 200 ವ್ಯಾಟ್ ಆಸುಪಾಸು ಬೇಕು. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಸಾಕಾಗುತ್ತದೆ. ಅಗ್ಗದ ಸ್ಕ್ವೇರ್ ವೇವ್‌ನದರಲ್ಲಿ ಮೋಟಾರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ರಸ್ತೆಗಳು ಮುಚ್ಚಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಹಾಗೆ ಆದರೆ ಬೆಂಗಳೂರಿನಿಂದ ಸ್ಪೇರ್ ಬರುವುದಿಲ್ಲ. ಎರಡು ನಾಝಲ್, ಒಂದು ಫೋಟೋಸೆಲ್, ಎಲೆಕ್ಟ್ರೋಡ್ ಜೋಡಿ, ಪಂಪ್ ಮತ್ತು ಮೋಟಾರ್ ನಡುವಿನ ಪ್ಲಾಸ್ಟಿಕ್ ಕಪ್ಲಿಂಗ್, ಫಿಲ್ಟರ್, ಫ್ಯೂಸ್ ಇಷ್ಟನ್ನು ಜೂನ್‌ಗೆ ಮೊದಲು ತರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಬಾಯ್ಲರ್ ಪಕ್ಕದ ಹಲಗೆ ಮೇಲೆ ಇಡುತ್ತೇನೆ. ಬರ್ನರ್ ಪುಸ್ತಕದ ಜೆರಾಕ್ಸ್ ಮತ್ತು ಕಳೆದ ಸರ್ವೀಸಿನ ಅನಲೈಸರ್ ಚೀಟಿಯೂ ಅದರಲ್ಲೇ ಇರುತ್ತದೆ. ನಾನು ಊರಲ್ಲಿ ಇಲ್ಲದಾಗ ಬೇರೆ ಮೆಕ್ಯಾನಿಕ್ ಬಂದರೂ ಯಾವ ನಾಝಲ್, ಎಷ್ಟು ಒತ್ತಡ ಅಂತ ಅವರು ಹುಡುಕಬೇಕಾಗುವುದಿಲ್ಲ.