ತಲೆಪೆಟ್ಟಿನ ಪ್ರಕರಣದಲ್ಲಿ ಕಿರ್ದಿ ಪುಸ್ತಕವನ್ನು ಸಾಕ್ಷಿಗೆ ನಿಲ್ಲಿಸಿದ ಬಗೆ: ನನ್ನ ಅನುಭವ

ಮೂರು ತಿಂಗಳ ನಂತರದ ಸಿಟಿ ಸ್ಕ್ಯಾನ್ ನಾರ್ಮಲ್. ಡಿಸ್ಚಾರ್ಜ್ ಸಾರಾಂಶದಲ್ಲಿ ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ) ಹದಿನೈದಕ್ಕೆ ಹದಿನೈದು. ಕೈಕಾಲು ನೆಟ್ಟಗಿವೆ. ರಸ್ತೆ ಅಪಘಾತದ ಪರಿಹಾರ ಕೇಳಿದ ಅರ್ಜಿದಾರ ಯಾರ ಆಸರೆಯೂ ಇಲ್ಲದೆ ಬಂದು ಸಾಕ್ಷಿಕಟ್ಟೆ ಹತ್ತುತ್ತಾನೆ. ಇಂಥ ಕಡತ ಸಿಕ್ಕರೆ ವಿಮಾ ಕಂಪನಿಯ ವಕೀಲರಿಗೆ ಅಂದು ಹಬ್ಬ. ಈ ಪ್ರಕರಣದಲ್ಲಿ ಗಳಿಕೆಯ ನಷ್ಟ ಶೇ 60 ಎಂದು ವಾದಿಸುತ್ತೇನೆ ಎಂದಾಗ ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ನಗದವರೇ ಇರಲಿಲ್ಲ. "ಲೋಕ ಅದಾಲತ್‌ನಲ್ಲಿ ಐದಾರು ಲಕ್ಷ ಬಂದರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಿ ವಕೀಲರೇ" ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಕೊನೆಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಶೇ 50 ಒಪ್ಪಿತು. ಅದೇ ಹಿರಿಯರು ಈಗ ತಮ್ಮ ಕಡತಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಅರ್ಜಿದಾರ ಧಾನ್ಯದ ಸಗಟು ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ವಯಸ್ಸು ಮೂವತ್ತನಾಲ್ಕು. 2019ರಲ್ಲಿ ಬೈಕಿಗೆ ಸರಕು ವಾಹನ ಗುದ್ದಿತ್ತು. ದಾಖಲಾದಾಗ ಜಿಸಿಎಸ್ ಹನ್ನೊಂದು, ಮೆದುಳಿನ ಮುಂಭಾಗದಲ್ಲಿ ಜಜ್ಜುಗಾಯ, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನಿರ್ಲಕ್ಷ್ಯದ ಬಗ್ಗೆ ಹೆಚ್ಚು ತಕರಾರು ಬರಲಿಲ್ಲ. ದೋಷಾರೋಪಣ ಪಟ್ಟಿ ಚಾಲಕನ ಮೇಲಿತ್ತು, ಹೆಲ್ಮೆಟ್ ಸ್ಥಳ ಮಹಜರಿನಲ್ಲೇ ದಾಖಲಾಗಿತ್ತು. ಇಡೀ ಜಗಳ ಪೆಟ್ಟು ಎಷ್ಟು ದೊಡ್ಡದು ಎಂಬುದರ ಮೇಲೆ.

ವೈದ್ಯರು ಇಡೀ ದೇಹಕ್ಕೆ ಶೇ 18 ಅಂಗವೈಕಲ್ಯ ಎಂದು ಬರೆದುಕೊಟ್ಟಿದ್ದರು. ವಿಮಾ ಕಂಪನಿ ಅದನ್ನೂ ಮೂರರಲ್ಲಿ ಒಂದು ಪಾಲು ಮಾಡಿ ಶೇ 6ಕ್ಕೆ ಇಳಿಸಲು ಹೊರಟಿತು. ಕಾಲು ಮುರಿದ ಪ್ರಕರಣಗಳಲ್ಲಿ ಅವಯವದ ಶೇಕಡಾವಾರನ್ನು ದೇಹಕ್ಕೆ ಇಳಿಸುವ ರೂಢಿ ನಮ್ಮಲ್ಲಿದೆಯಲ್ಲ, ಅದೇ ಕತ್ತರಿಯನ್ನು ತಲೆಗೂ ಹಾಕುವುದು! ದುಡ್ಡಿನ ಲೆಕ್ಕದಲ್ಲಿ ನೋಡಿ. ನ್ಯಾಯಮಂಡಳಿ ಒಪ್ಪಿದ ಆದಾಯ ತಿಂಗಳಿಗೆ 15,000 (ನಾವು ಕೇಳಿದ್ದು 18,000, ವೇತನದ ಚೀಟಿಗಳನ್ನು ಪೂರ್ತಿ ನಂಬಲಿಲ್ಲ). ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಂತೆ ಆದಾಯದ ಭವಿಷ್ಯದ ಏರಿಕೆ ಶೇ 40, ಅದೇ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ ಗುಣಕ (ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆ) 16. ಪೂರ್ತಿ ನಷ್ಟವಾದರೆ ನಲವತ್ತು ಲಕ್ಷದ ಮೇಲೆ ಚಿಲ್ಲರೆ. ಶೇ 6 ಎಂದರೆ ಎರಡೂವರೆ ಲಕ್ಷಕ್ಕೂ ಕಡಿಮೆ, ಶೇ 18 ಎಂದರೆ ಏಳು ಲಕ್ಷ ಚಿಲ್ಲರೆ, ಶೇ 50 ಎಂದರೆ ಇಪ್ಪತ್ತು ಲಕ್ಷ ದಾಟುತ್ತದೆ.

ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ವೈದ್ಯರ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ ಎನ್ನುತ್ತದೆ ಅದು. ಉಲ್ಲೇಖಿಸುವುದು ಸುಲಭ, ಅದಕ್ಕೆ ಸಾಕ್ಷ್ಯ ತುಂಬುವುದು ಕಷ್ಟ. ಹಿಂದಿನ ಕೆಲವು ಪ್ರಕರಣಗಳಲ್ಲಿ ನಾನು ಏನೇನೋ ತುಂಬಿ ನೋಡಿದ್ದೆ. ಹೆಂಡತಿಯನ್ನು ಕರೆದು "ಇವರು ಮೊದಲಿನಂತಿಲ್ಲ" ಎಂದು ಹೇಳಿಸಿದರೆ ಹಿತಾಸಕ್ತಿಯುಳ್ಳ ಸಾಕ್ಷಿ ಎಂದು ಬದಿಗಿಟ್ಟರು. ಚಿಕಿತ್ಸೆ ಮಾಡದ ವೈದ್ಯರಿಂದ ಪ್ರಮಾಣಪತ್ರ ತಂದರೆ ಪಾಟೀಸವಾಲಿನ ಮೊದಲ ಪ್ರಶ್ನೆಗೇ ಅದು ಬಿದ್ದುಹೋಯಿತು. ಇನ್ನೊಂದರಲ್ಲಿ ಬುದ್ಧಿಮಟ್ಟದ ಪರೀಕ್ಷೆ ಮಾಡಿಸಿದೆವು. ಅಂಕ ಸರಾಸರಿಗೇ ಬಂತು, ಅದನ್ನು ಎದುರು ಪಕ್ಷವೇ ಸಂತೋಷದಿಂದ ತನ್ನ ಸಾಕ್ಷ್ಯವಾಗಿ ನಿಶಾನೆ ಮಾಡಿಸಿಕೊಂಡಿತು. ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಇದು ಸಾಮಾನ್ಯ. ಮೌನವಾದ ಕೋಣೆಯಲ್ಲಿ, ಒಬ್ಬರೇ ಎದುರಿಗೆ ಕೂತು, ಒಂದೊಂದೇ ಪ್ರಶ್ನೆ ಕೇಳಿದರೆ ಸರಿಯಾಗಿಯೇ ಉತ್ತರಿಸುತ್ತಾರೆ. ಮಂಡಿಯಲ್ಲಿ ಮೂವರು ಒಟ್ಟಿಗೆ ದರ ಕೂಗಿ, ನಡುವೆ ಫೋನ್ ಬಂದು, ಮತ್ತೆ ಅರ್ಧಕ್ಕೆ ಬಿಟ್ಟ ಕೂಡಿಕೆಗೆ ಮರಳಬೇಕಾದಾಗ ಎಡವುತ್ತಾರೆ. ನ್ಯಾಯಾಲಯವೂ ಒಂದೊಂದೇ ಪ್ರಶ್ನೆ ಕೇಳುವ ಜಾಗವೇ. ಹಾಗಾಗಿ ಸಾಕ್ಷಿಕಟ್ಟೆಯಲ್ಲಿ ಈ ಅರ್ಜಿದಾರರು ನಮಗಿಂತ ಚೆನ್ನಾಗಿ ಕಾಣುತ್ತಾರೆ.

ಆದ್ದರಿಂದ ಪೆಟ್ಟನ್ನು ಅವನ ಕೆಲಸದಲ್ಲೇ ತೋರಿಸಬೇಕು ಎಂದು ತೀರ್ಮಾನಿಸಿದೆ. ಅಪಘಾತದ ಹಿಂದಿನ ವರ್ಷದ ಕಿರ್ದಿ ಪುಸ್ತಕ (ದಿನದಿನದ ಜಮಾಖರ್ಚಿನ ಪುಸ್ತಕ), ಅವನು ಮತ್ತೆ ಕೆಲಸಕ್ಕೆ ಬಂದ ಮೇಲೆ ಬರೆದ ಕಿರ್ದಿ ಪುಸ್ತಕ, ಎರಡನ್ನೂ ನ್ಯಾಯಾಲಯಕ್ಕೆ ತರುವುದು. ಹಳೆಯದರಲ್ಲಿ ಪುಟದ ಮೇಲೆ ಪುಟ ತಿದ್ದುಪಡಿಯಿಲ್ಲದ ಮೊತ್ತ. ಹೊಸದರಲ್ಲಿ ಒಂದೇ ಚೀಟಿ ಎರಡು ಕಡೆ ಜಮೆ, ಮುಂದಿನ ಪುಟಕ್ಕೆ ತಪ್ಪಾಗಿ ಒಯ್ದ ಶಿಲ್ಕು, ಅರ್ಧಕ್ಕೆ ನಿಂತ ಸಾಲುಗಳು, ಮಾಲೀಕರ ಕೆಂಪು ಶಾಯಿ. ಸುಮಾರು ಎಂಟು ತಿಂಗಳು ಹೀಗೆ ನಡೆದು ಅವನನ್ನು ಮೂಟೆ ಎಣಿಸುವ ಕೆಲಸಕ್ಕೆ ಹಾಕಿದರು, ಸಂಬಳ ಅರ್ಧಕ್ಕಿಂತ ಕೆಳಗಿಳಿಯಿತು.

ಕಿರ್ದಿ ಪುಸ್ತಕ ನ್ಯಾಯಾಲಯಕ್ಕೆ ಎಂದ ಕೂಡಲೇ ಮಾಲೀಕರ ಮುಖ ಬಿಳಿಚಿಕೊಂಡಿತು. ತೆರಿಗೆಯವರು ನೋಡಿದರೆ ಎಂಬ ಭಯ. ಸಮನ್ಸ್ ಕಳುಹಿಸಿ ಎಳೆತರಬಹುದಿತ್ತು, ಆದರೆ ಹಾಗೆ ಬಂದ ಸಾಕ್ಷಿ ನಮ್ಮನ್ನೇ ಮುಳುಗಿಸುತ್ತಾನೆ. ಅವರನ್ನು ಒಪ್ಪಿಸಿದ ದಾರಿ ನನ್ನಲ್ಲೇ ಇರಲಿ. ಕಾನೂನಿನ ಚೌಕಟ್ಟಿನೊಳಗೇ ಇತ್ತು ಎಂದಷ್ಟೇ ಹೇಳುತ್ತೇನೆ. ಪಾಟೀಸವಾಲಿನಲ್ಲಿ "ನಿಮ್ಮ ನೌಕರನಿಗೆ ಸಹಾಯ ಮಾಡಲು ಬಂದಿದ್ದೀರಿ" ಎಂದು ಸೂಚಿಸಿದಾಗ ಅವರು, "ಸಹಾಯ ಮಾಡುವ ಮನಸ್ಸಿದ್ದಿದ್ದರೆ ಇವನನ್ನು ಕುರ್ಚಿಯಿಂದ ಇಳಿಸುತ್ತಿರಲಿಲ್ಲ ಸ್ವಾಮಿ, ಇವನ ತಪ್ಪಿನಿಂದ ನನಗೇ ನಷ್ಟವಾಗಿದೆ" ಎಂದುಬಿಟ್ಟರು. ಅಷ್ಟು ಸಾಕಾಗಿತ್ತು.

ಪುಸ್ತಕ ಒಂದೇ ಇದ್ದರೆ "ಮೈಗಳ್ಳತನ" ಎಂದು ವಾದಿಸಬಹುದು. ಅದಕ್ಕೆ ವೈದ್ಯಕೀಯ ಊರುಗೋಲು ಬೇಕು. ನಿಮ್ಹಾನ್ಸ್ 2004ರಲ್ಲಿ ರೂಪಿಸಿದ ನರಮನೋವೈಜ್ಞಾನಿಕ ಪರೀಕ್ಷಾ ಸರಣಿಗೆ ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕ ನಮ್ಮ ದೇಶದ್ದೇ ಮಾನಕಗಳಿವೆ. ಗಮನ, ಸ್ಮರಣೆ, ಯೋಜನೆ, ಕೆಲಸದ ವೇಗ ಎಲ್ಲವನ್ನೂ ಬೇರೆಬೇರೆಯಾಗಿ ಅಳೆಯುತ್ತದೆ, ಹದಿನೈದನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ, ಅಂದರೆ ನೂರರಲ್ಲಿ ಕೊನೆಯ ಹದಿನೈದು ಮಂದಿಯ ಮಟ್ಟದಲ್ಲಿದ್ದರೆ, ಕೊರತೆ ಎಂದು ಗಣಿಸುತ್ತದೆ. ನಮ್ಮವನ ಭಾಷೆ ಚೆನ್ನಾಗಿತ್ತು, ಆದರೆ ನಿರಂತರ ಗಮನ ಮತ್ತು ಕಾರ್ಯಸ್ಮರಣೆ (ಕೆಲಸ ಮಾಡುತ್ತಲೇ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ) ಪಾತಾಳದಲ್ಲಿದ್ದವು. ಕಿರ್ದಿಯ ತಪ್ಪುಗಳಿಗೂ ಈ ಅಂಕಗಳಿಗೂ ತಾಳೆ ಹಾಕುವ ಒಂದು ಪುಟದ ಕೋಷ್ಟಕವನ್ನು ನಾನೇ ಮಾಡಿ ಲಿಖಿತ ವಾದಕ್ಕೆ ಲಗತ್ತಿಸಿದೆ. ತೀರ್ಪಿನಲ್ಲಿ ಅದರ ಅರ್ಧ ಹಾಗೆಯೇ ಬಂದಿದೆ.

ಎಂಆರ್‌ಐ ಮಾಡಿಸುವುದಾದರೆ ರಕ್ತದ ಸೂಕ್ಷ್ಮ ಕಲೆಗಳನ್ನು ಹಿಡಿಯುವ ಎಸ್‌ಡಬ್ಲ್ಯುಐ ಕ್ರಮವನ್ನು ಸೇರಿಸಲು ವೈದ್ಯರನ್ನು ಕೇಳಿಕೊಳ್ಳಿ. ನರತಂತುಗಳು ಹರಿದ, ಸಿಟಿಯಲ್ಲಿ ಕಾಣದ ಜಾಗದಲ್ಲಿ ಸೋರಿದ ರಕ್ತದ ಕಬ್ಬಿಣಾಂಶ ವರ್ಷಗಟ್ಟಲೆ ಉಳಿದಿರುತ್ತದೆ. ನಮಗೆ ಎಂಟೊಂಬತ್ತು ಸಾವಿರ ಖರ್ಚಾಯಿತು, ಎರಡು ಮೂರು ಕಪ್ಪು ಚುಕ್ಕೆಗಳು ಸಿಕ್ಕವು. ಒಟ್ಟಾರೆ ಪರೀಕ್ಷೆ, ವೈದ್ಯರ ಸಾಕ್ಷ್ಯ ದಾಖಲಿಸಲು ಕೋರ್ಟ್ ಕಮಿಷನರ್ ನೇಮಕ, ಓಡಾಟ, ನಕಲು ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು. ಇಷ್ಟು ಹಣ ಮೊದಲೇ ಹಾಕುವ ಶಕ್ತಿ ಆ ಮನೆಗಿರಲಿಲ್ಲ, ಅವನ ಅಣ್ಣ ಸಾಲ ಮಾಡಿ ಕೊಟ್ಟರು. ಪರಿಹಾರದಲ್ಲಿ ಪಾಲು ಮಾತಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ, ನಾನು ಹಂತಕ್ಕೆ ಇಷ್ಟೆಂದು ಫೀಸು ಗೊತ್ತುಮಾಡಿದೆ. ಕಡಿಮೆಯೇ ಆಯಿತು, ಇರಲಿ.

ಡಿಸ್ಚಾರ್ಜ್ ಸಾರಾಂಶವೊಂದನ್ನೇ ನೆಚ್ಚಬೇಡಿ, ಪೂರ್ತಿ ಕೇಸ್‌ಶೀಟ್ ತರಿಸಿ. ವೈದ್ಯರು ಒಂದು ಸಾಲಿನಲ್ಲಿ "ಪ್ರಜ್ಞೆ ಇದೆ, ಸಹಕರಿಸುತ್ತಿದ್ದಾರೆ" ಎಂದು ಬರೆದ ದಿನವೇ ರಾತ್ರಿ ಪಾಳಿಯ ಶುಶ್ರೂಷಕಿ "ಊರಿನ ಹೆಸರು ಹೇಳಲಿಲ್ಲ, ಡ್ರಿಪ್ ಕಿತ್ತುಹಾಕಿದರು" ಎಂದು ಬರೆದಿರುತ್ತಾರೆ. ಗೊಂದಲ ಎಷ್ಟು ದಿನ ಮುಂದುವರಿಯಿತು ಎಂಬುದು ಪೆಟ್ಟಿನ ತೀವ್ರತೆಯ ಒಳ್ಳೆಯ ಅಳತೆ, ಅದು ಸಿಗುವುದು ಆ ಟಿಪ್ಪಣಿಗಳಲ್ಲೇ. ವೈದ್ಯರನ್ನು ಮುಖ್ಯ ವಿಚಾರಣೆಯಲ್ಲಿ ನಾನು ಕೇಳುವ ಕೊನೆಯ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಕ್ಷದವರೂ ಕನ್ನಡ ಓದುತ್ತಾರೆ.

ಒಂದೆರಡು ಅಡ್ಡದಾರಿಗಳನ್ನೂ ಹಿಡಿದು ನೋಡಿದೆ. ಮನೆಯಲ್ಲಿ ಅವನು ಸಿಡುಕುವುದನ್ನು ಹೆಂಡತಿಯ ಮೊಬೈಲಿನಲ್ಲಿ ಚಿತ್ರೀಕರಿಸಿ, ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಸಮೇತ ಹಾಜರುಪಡಿಸಿದೆವು. ಕೆಲಸಕ್ಕೆ ಬರಲಿಲ್ಲ, ಪರಿಹಾರಕ್ಕಾಗಿ ನಟನೆ ಎಂಬ ಒಂದೇ ಸೂಚನೆಗೆ ಅದರ ತೂಕ ಹೋಯಿತು. ಮತ್ತೊಂದು ಪ್ರಯೋಗ ಮಾತ್ರ ಅನಿರೀಕ್ಷಿತವಾಗಿ ಫಲಿಸಿತು. ಮಾತಿನ ನಡುವೆ ಹೆಂಡತಿ, ಹಾಲು ಸೀದು ಹೊಗೆಯೆದ್ದರೂ ಅವರಿಗೆ ತಿಳಿಯುವುದಿಲ್ಲ ಎಂದರು. ಕಿವಿ ಮೂಗು ಗಂಟಲಿನ ತಜ್ಞರ ಬಳಿ ಪರೀಕ್ಷಿಸಿದಾಗ ವಾಸನೆಯ ಶಕ್ತಿ ಪೂರ್ತಿ ಹೋಗಿತ್ತು. ಮೂಗಿನ ಮೇಲ್ಛಾವಣಿಯ ಜರಡಿಯಂಥ ಮೂಳೆಯ ಮೂಲಕ ಹಾದುಹೋಗುವ ನರದ ಎಳೆಗಳು ತಲೆ ಕುಲುಕಿದಾಗ ಹರಿಯುತ್ತವೆ, ಮೆದುಳಿನ ಮುಂಭಾಗದ ಗಾಯದ ಜೊತೆಗೆ ಇದು ಆಗಾಗ ಕಾಣುತ್ತದೆ ಎಂದು ತಜ್ಞರು ಹೇಳಿದ್ದನ್ನು ಅಲ್ಲಾಡಿಸಲು ಆಗಲಿಲ್ಲ. ಜೀವನಸೌಖ್ಯದ ನಷ್ಟದ ಶೀರ್ಷಿಕೆಯಲ್ಲಿ ಲಕ್ಷಕ್ಕೂ ಮೇಲೆ ಸಿಕ್ಕಿತು. ತಲೆಪೆಟ್ಟಿನ ಪ್ರತಿ ಕಕ್ಷಿದಾರನಿಗೂ ನಾನು ಈಗ ವಾಸನೆಯ ಬಗ್ಗೆ ಕೇಳುತ್ತೇನೆ.

ಮುಂದಿನ ಚಿಕಿತ್ಸೆಯ ವೆಚ್ಚವನ್ನು ಈಗಲೇ ಕೇಳಬೇಕು. ಸುಪ್ರೀಂ ಕೋರ್ಟಿನ ನಾಗಪ್ಪ ತೀರ್ಪು, ಕೇಳಿದ್ದಕ್ಕಿಂತ ಹೆಚ್ಚು ಕೊಡಲು ನ್ಯಾಯಮಂಡಳಿಗೆ ಅಧಿಕಾರವಿದೆ ಎಂದಿತು, ಜೊತೆಗೆ ಅಂತಿಮ ಆದೇಶದ ನಂತರ ಮತ್ತೆ ಬಂದು ಕೇಳಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದೂ ಹೇಳಿತು. ತಲೆಪೆಟ್ಟಿನವರಿಗೆ ಮೂರ್ಛೆರೋಗ ವರ್ಷಗಳ ನಂತರ ಬರಬಹುದು. ಅದರ ಔಷಧದ ಅಂದಾಜನ್ನು ನರರೋಗ ತಜ್ಞರಿಂದ ಬರೆಸಿದ್ದರಿಂದ ಲಕ್ಷದಷ್ಟು ಬಂತು. ತೀವ್ರ ಪ್ರಕರಣಗಳಲ್ಲಿ ನೋಡಿಕೊಳ್ಳುವವರ ವೆಚ್ಚಕ್ಕೂ ಗುಣಕ ಹಾಕಿಸಿ. 2020ರಲ್ಲಿ ಮೆದುಳಿಗೆ ಗಂಭೀರ ಪೆಟ್ಟಾದ ಬಾಲಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ಲೆಕ್ಕ ಹಾಕಿದೆ. ನನ್ನ ಕಕ್ಷಿದಾರನಿಗೆ ಅದು ಅನ್ವಯಿಸುತ್ತಿರಲಿಲ್ಲ, ಕೇಳಲಿಲ್ಲ. ಎಲ್ಲದಕ್ಕೂ ಕೈ ಚಾಚಿದರೆ ನಿಜವಾದ ನಷ್ಟದ ಮೇಲೂ ಅನುಮಾನ ಬರುತ್ತದೆ.

ಇನ್ನೊಂದು ಎಚ್ಚರಿಕೆ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಅದೇ ಕಾಯ್ದೆಯ ಕಲಂ 166(3)ರಲ್ಲಿ ಪರಿಹಾರದ ಅರ್ಜಿ ಹಾಕಲು ಅಪಘಾತದಿಂದ ಆರು ತಿಂಗಳ ಗಡುವು ಇಟ್ಟಿದೆ. ಮರೆವು, ಸಿಡುಕು ಮನೆಯವರ ಗಮನಕ್ಕೆ ಬರುವಷ್ಟರಲ್ಲೇ ಅಷ್ಟು ಕಾಲ ಕಳೆದಿರುತ್ತದೆ. ಅರ್ಜಿ ಮೊದಲು ಹಾಕಿ, ಪರೀಕ್ಷೆಗಳನ್ನು ಆಮೇಲೆ ಮಾಡಿಸಿ.

ಎಲ್ಲ ಶೀರ್ಷಿಕೆ ಸೇರಿ ಇಪ್ಪತ್ತೊಂಬತ್ತು ಲಕ್ಷದ ಹತ್ತಿರ, ಶೇ 6 ಬಡ್ಡಿ. ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ನೋವು ಯಾತನೆಯ ಮೊತ್ತದಲ್ಲಿ ಸ್ವಲ್ಪ ಕಡಿತವಾಯಿತು, ಶೇ 50 ಉಳಿಯಿತು. ದೊಡ್ಡ ಪಾಲನ್ನು ಠೇವಣಿಯಲ್ಲಿಡಿಸಲು ನಾನೇ ಕೋರಿದ್ದೆ. ಹಣದ ವಿಷಯದಲ್ಲಿ ಅವನ ವಿವೇಚನೆ ಕುಂದಿದೆ ಎಂದು ವಾದಿಸಿ ಗೆದ್ದ ಮೇಲೆ ಅಷ್ಟೂ ಹಣವನ್ನು ಅವನ ಕೈಗೆ ಕೊಡಿಸುವುದು ಹೇಗೆ? ಅಣ್ಣನಿಗೆ ನನ್ನ ಮೇಲೆ ಇನ್ನೂ ಮುನಿಸಿದೆ.

ಈಗ ಕೈಯಲ್ಲಿರುವುದು ಗೃಹಿಣಿಯೊಬ್ಬರ ಪ್ರಕರಣ. ಅಲ್ಲಿ ಮಂಡಿಯೂ ಇಲ್ಲ, ಕಿರ್ದಿಯೂ ಇಲ್ಲ. ಆದರೆ ಅಪಘಾತಕ್ಕೆ ಮುಂಚೆ ಅವರು ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿಯಾಗಿದ್ದರು, ನಡಾವಳಿ ಪುಸ್ತಕವೆಲ್ಲ ಅವರದೇ ಕೈಬರಹ. ಸಂಘದ ಅಧ್ಯಕ್ಷೆ ಪುಸ್ತಕ ಕೊಡಲು ಒಪ್ಪಿದ್ದಾರೆ, ಮುಂದಿನ ದಿನಾಂಕಕ್ಕೆ ಅವರನ್ನು ಸಾಕ್ಷಿಯಾಗಿ ವಿಚಾರಿಸುತ್ತೇನೆ.